ಎಕರೆಗೆ ನೂರು ಹುಳ

ಮುಂಜಾನಿ ಒಂಬತ್ತಕ್ಕ ಆಳಂದ ರೋಡಿನ ಲ್ಯಾಬಿನಾಗ
ಚಪ್ಪಲಿ ಹೊರಗ ಬಿಟ್ಟು, ಮೊಣಕೈತನಕ ತೊಳಕೊಂಡು
ನಾ ಕೀಡಿಗೆ ಉಣಸ್ತೀನಿ.
ಕಡ್ಲಿಹಿಟ್ಟು, ಈಸ್ಟು, ಕುದಿಸಿದ ಅಗರು, ಚಿಟಿಕಿ ವಿಟಮಿನ್ನು.
ಮಗಳ ಬಸುರಿದ್ದಾಗ ನಾ ಇಷ್ಟು ಚೆಂದ ಉಂಡಿಲ್ಲ.
ಒಂದೊಂದಕ್ಕ ಒಂದೊಂದು ಮನಿ, ನಡುವ ಗೋಡಿ.
ಕೂಡಿಟ್ರ ಒಂದನ್ನೊಂದು ತಿಂತಾವ;
ಬೆಳಗಾದ್ರ ಒಂದೇ ಉಳದಿರ್ತದ, ದಪ್ಪ,
ಏನೂ ಆಗೇ ಇಲ್ಲ ಅನ್ನೂ ಹಂಗ.

ಶಮೀಮಬಿ ಎಣಸ್ತಾಳ, ನಾ ಬರಕೋತೀನಿ.
ಏಳನೇ ದಿನ, ಉಗುರಿನಷ್ಟು ಉದ್ದಾದಾಗ,
ಊಟದ ಮ್ಯಾಲ ಒಂದು ಹನಿ.
ಬಣ್ಣಿಲ್ಲ, ರುಚಿ ಇಲ್ಲ.
ಉಣ್ತಾವ. ನನ್ನ ಕೈ ಗುರುತದ ಅವಕ್ಕ.

ಮೂರು ದಿನ ಸುಮ್ಮ.
ನಾಕಕ್ಕ ತೊಗಲು ತೆಳ್ಳಗಾಗಿ, ಮಾಸಿದ ಗುಲಾಬಿ.
ಬಾಯಿ ನಿಲ್ತದ, ಕಾಲು ನಿಲ್ಲೂದಿಲ್ಲ.
ಏರತಾವ.
ಮುಚ್ಚಳದ ತನಕ ಏರಿ
ಹಿಂಗಾಲಿಲೆ ಹಿಡದು ತಲಿ ತೆಳಗ ಬಿಡ್ತಾವ,
ಒಣಾ ಹಾಕಿದ ಕಾಲುಚೀಲದಂಗ.

ಮೇಡಂಗ ಕೇಳಿದೆ, ಸಾಯೂದಿದ್ರ ಮ್ಯಾಲ್ಯಾಕ ಏರಬೇಕ್ರಿ?
ಏರೂದು ಹುಳ ಅಲ್ಲ ಪುತಳಾಬಾಯಿ, ಅದರ ಒಳಗಿನ ರೋಗ.
ತುದಿಗೆ ಹೋಗಿ ಒಡದ್ರ
ತೆಳಗಿನ ಎಲಿ ತೊಯ್ತಾವ, ಅದನ್ನ ತಿಂದವು ಮತ್ತ ಏರತಾವ.
ಆವತ್ತು ಬಸ್ಸಿನ ಕಿಟಕಿಗೆ ತಲಿ ಹಚ್ಚಿ
ಈ ತನಕ ನಾ ಏರಿದ ಪಾವಟಿಗಿ ಎಣಿಸಿದೆ.
ಕಮಲಾಪುರ ಬಂದದ್ದೇ ಗೊತ್ತಾಗಲಿಲ್ಲ.

ಸತ್ತವನ್ನ ನೀರಾಗ ಕೊಳಸಿ, ಅರದು, ಮಲಮಲ್ಲಿನಾಗ ಸೋಸಿ
ಬಾಟಲಿಗೆ. ಎಕರೆಗೆ ನೂರು ಹುಳದ ಲೆಕ್ಕ.
ಎಷ್ಟು ನಿಂಬಿಹಣ್ಣು ತಿಕ್ಕಿದ್ರೂ ವಾಸನಿ ಹೋಗಂಗಿಲ್ಲ;
ಮಗಳು ನಾ ಬಡದ ರೊಟ್ಟಿ ತಿರುವಿ ನೋಡ್ತಾಳ.

ನಮ್ಮ ಮೂರೆಕರೆ ತೊಗರಿಗೂ ಒಯ್ದೆ.
ಬೆಲ್ಲ, ಅರಿವಿಗೆ ಹಾಕೂ ನೀಲಿ ಕಲಸಿ
ಹೊತ್ತು ಮುಳುಗಿದ ಮ್ಯಾಲ ಹೊಡಿಬೇಕು,
ನಮ್ಮ ಕಡಿ ಬಿಸಿಲಿಗೆ ರೋಗಾನೂ ಸಾಯ್ತದ.
ಮೈದುನ ನಕ್ಕ: ಮೂಗಿಗೆ ಹತ್ತದ ಎಣ್ಣಿ ಏನು ಎಣ್ಣಿ?

ಅತ್ತಿ ಬದುವಿನ ಮ್ಯಾಲ ಕುಂತಿದ್ದಳು.
ನಾವು ತಾಡಪತ್ರಿ ಹಾಸಿ ಗಿಡ ಝಾಡಸ್ತಿದ್ವಿ,
ಆಲಿಕಲ್ಲಿನಂಗ ಬೀಳ್ತಿದ್ವು.
ಎಳ್ಳಮಾಸಿಗೆ ಚರಗ ಚೆಲ್ಲಿದ್ರ ಹಕ್ಕಿ ಇಳೀತಿದ್ವು,
ಅನ್ನ ಮುಗದ ಮ್ಯಾಲ ಕಾಯಿ ಕಡಿ ಹೊಳ್ಳತಿದ್ವು.
ನಾಕು ಬಿಡು, ಎಲ್ಲಾ ಕೊಲ್ಲಬ್ಯಾಡ.
ಉಣ್ಣಾಕ ಒಂದೂ ಇರದ ಹೊಲಕ್ಕ ಹಕ್ಕಿ ಯಾಕ ಬರ್ತದ?

ಎಂಟನೇ ದಿನ ನೋಡಿದೆ.
ಗಿಡಗಿಡದ ಕುಡಿಗೆ ಕರ್ರಗ ಜೋತಿದ್ವು.
ಹಳದಿ ಹೂವಿನಾಗ ಜೇನು ತನ್ನ ಪಾಡಿಗೆ,
ಗುಲಗಂಜಿ ಹುಳ ಹೇನು ಹೆಕ್ಕಲಿಕತ್ತಿತ್ತು,
ನೆಟ್ಟ ಗೂಟದ ಮ್ಯಾಲ ಕವಲುಬಾಲದ ಕರಿಹಕ್ಕಿ
ನನ್ನೂ ಒಮ್ಮೆ ಅಳದು ನೋಡಿತು.

ಇವತ್ತು ನಲವತ್ತೊಂದನೇ ಮನಿಯಾಗ ಒಂದು ಏರಲಿಲ್ಲ.
ಹನಿ ಉಂಡದ. ಹನ್ನೊಂದು ದಿನ ಆಗ್ಯದ.
ಕಂದು ಕೋಶ ಆಗಿ ತೆಳಗ ಮಲಗ್ಯದ,
ಮುಟ್ಟಿದ್ರ ಬಾಲ ತಿರುವತದ.
ಶಮೀಮಬಿ ನನ್ನ ಮಾರಿ ನೋಡಿದಳು.
ರಜಿಸ್ಟರಿನಾಗ ಎರಡೇ ಕಾಲಂ:
ಉಂಡದ್ದು, ಸತ್ತದ್ದು.
ಸ್ಕೇಲ್ ಇಟ್ಟು ಮೂರನೇ ಗೆರಿ ಎಳದೀನಿ.
ಮ್ಯಾಲ ಏನು ಬರೀಬೇಕೋ, ಇನ್ನೂ ಬರದಿಲ್ಲ.