ಕೊಂಬು ಹಿಡಿಸದ ಕ್ಯಾನ್ವಾಸು

ಎಲ್ಲರೂ ಕಣ್ಣಿನಿಂದ ಶುರುಮಾಡುತ್ತಾರೆ.
ನಾನು ಕೊಂಬಿನಿಂದ.
ಮೊದಲೇ ಅಳತೆ ಹಾಕದಿದ್ದರೆ
ಕೊನೆಗೆ ಒಂದು ತುದಿ ಚೌಕಟ್ಟಿನಾಚೆ ಉಳಿದು
ಗಿರಾಕಿ ಅರ್ಧ ದುಡ್ಡು ಕೊಡುತ್ತಾನೆ.
ಏಳಡಿ ಕೊಂಬಿನ ಪ್ರಾಣಿಯನ್ನು
ಮೂರಡಿ ಬಟ್ಟೆಗೆ ಇಳಿಸುವುದು
ಮೂವತ್ತು ವರ್ಷದಿಂದ ನನ್ನ ಕಸುಬು.

ಅಮರಿಲ್ಲೋದ ಒಂದು ಊಟದ ಮನೆಯಲ್ಲಿ
ನನ್ನದೊಂದು ಹಸು ಇದೆ, ಗೋಡೆಯ ಮೇಲೆ, ದೀಪದ ಕೆಳಗೆ.
ಜನ ಅದರಡಿ ಕೂತು
ಅದರ ನೆಂಟರನ್ನು ತಿನ್ನುತ್ತಾರೆ.
ಬಣ್ಣ ಚೆನ್ನಾಗಿದೆ ಅನ್ನುತ್ತಾರೆ, ಬಾಯಿ ಒರೆಸಿಕೊಂಡು.
ನಾನೂ ಅಲ್ಲಿ ತಿಂದಿದ್ದೇನೆ, ಬಿಟ್ಟಿ,
ಸುಳ್ಳು ಯಾಕೆ ಹೇಳಲಿ.

ಸೂರ್ಯಾಸ್ತ ಬೇಕಿದ್ದರೆ ಇನ್ನೂರು ಡಾಲರು ಹೆಚ್ಚಿಗೆ.
ಎಲ್ಲರಿಗೂ ಬೇಕು.
ಇಲ್ಲಿಯ ಸಂಜೆ ನಿಜಕ್ಕೂ ಇರುವುದು ಅರ್ಧ ಗಂಟೆ,
ಅದೂ ಧೂಳಿನ ಬಣ್ಣ.

ಈ ಮಾರ್ಚಿನಲ್ಲಿ ಹೊಬಾರ್ಟ್ ಝೂಲ್ಕೆ ಕರೆದ.
ಲಾನೋ ಹೊಳೆಯಾಚೆ ಅವನ ರ‍್ಯಾಂಚು,
ಸುಣ್ಣಗಲ್ಲಿನ ಹಾದಿ, ಮೂರು ಗೇಟು,
ಪ್ರತಿ ಗೇಟಿಗೂ ಇಳಿದು ಹತ್ತಿ, ಇಳಿದು ಹತ್ತಿ
ಮೊಣಕಾಲು ಶಾಪ ಹಾಕಿತು.
“ನಮ್ಮ ಡೀಕನ್‌ನ ಬರೆದುಕೊಡು” ಅಂದ.
ಇಪ್ಪತ್ತೆರಡು ವರ್ಷದ ಎತ್ತು, ಮೆಸ್ಕೀಟ್ ಮರದಡಿ
ಚರ್ಚಿನ ಹಿರಿಯನ ಗತ್ತಿನಲ್ಲಿ ಮೆಲುಕು ಹಾಕುತ್ತಿತ್ತು.
ಬಲಗೊಂಬು ಮೊಳದುದ್ದಕ್ಕೇ ನಿಂತುಬಿಟ್ಟಿದೆ, ತುದಿ ಸೀಳಿ.
“ಎರಡೂ ಪೂರ್ತಿ ಇರಲಿ” ಅಂದ, ಬೇಲಿಯತ್ತ ನೋಡುತ್ತ.
ನಾನು ಕೇಳಲಿಲ್ಲ.
ಆಳು ಎಯುಸೇಬಿಯೋ ಕೇಳದೆಯೇ ಹೇಳಿದ:
ಟ್ರೇಲರಿನ ಬಾಗಿಲು, ದಣಿಯ ಆತುರ,
ಕುಡಿದಿದ್ದ ಒಂದು ರಾತ್ರಿ. ಅಷ್ಟೇ.

ನಾಲ್ಕು ದಿನ ಟ್ರಕ್ಕಿನ ಹಿಂದೆ ಕೂತು ಬರೆದೆ.
ಮೈ ಕೆಂಪಲ್ಲ, ಬಿಳಿಯಲ್ಲ;
ಕಾವಿ ಕಲಸಿದ ಕೈಯನ್ನು ಯಾರೋ ಕೊಡವಿದಂತೆ ಚುಕ್ಕೆ ಚುಕ್ಕೆ.
ಕೊಂಬಿಗೆ ಹಳೇ ಪಿಯಾನೋ ಮನೆಗಳ ಹಳದಿ,
ಬುಡಕ್ಕೆ ಮಸಿ.
ಗಾಳಿ ತೂರಿದ ಧೂಳು ಹಸಿ ಎಣ್ಣೆಗೆ ಅಂಟಿ
ನೆಲ ತನ್ನ ಪಾಲನ್ನು ತಾನೇ ಬರೆದುಕೊಂಡಿತು.
ಎರಡನೇ ದಿನ ಎತ್ತು ಬಂದು ನನ್ನ ಟೋಪಿ ಮೂಸಿತು,
ಬಿಸಿ ಉಸಿರು, ಹುಳಿತ ಹುಲ್ಲಿನ ವಾಸನೆ.
ಮೂರನೇ ದಿನ ಒಂದು ಸಂಗತಿ ಕಂಡೆ:
ತಲೆ ತಿರುಗಿಸಿದಾಗಲೆಲ್ಲ
ಇಲ್ಲದ ಕೊಂಬಿಗೂ ಜಾಗ ಬಿಟ್ಟು
ಅದು ಮರದಿಂದ ದೂರ ಸರಿಯುತ್ತಿತ್ತು.

ಇದನ್ನು ಯಾವ ಬಣ್ಣದಲ್ಲಿ ಬರೆಯಲಿ?

ಹೇಳಿದ ಹಾಗೆ ಎರಡೂ ಕೊಂಬು ಬರೆದೆ, ಪೂರ್ತಿ,
ಬಟ್ಟೆಯ ಈ ಅಂಚಿನಿಂದ ಆ ಅಂಚಿಗೆ.
ಇಳಿಬಿಸಿಲನ್ನು ಅದರ ಬೆನ್ನಿಗಿಟ್ಟು
ನೆರಳನ್ನು ಮುಂದಕ್ಕೆ ಚಾಚಿದೆ.
ನೆರಳನ್ನು ಮಾತ್ರ ಕಂಡ ಹಾಗೇ ಬರೆದೆ:
ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

ಹೊಬಾರ್ಟ್ ಬಂದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
ಕೊಂಬು ನೋಡಿದ, ಆಕಾಶ ನೋಡಿದ,
“ಸಂಜೆ ಚೆನ್ನಾಗಿ ಬಂದಿದೆ” ಅಂದ.
ಆಮೇಲೆ ಕೆಳಗೆ ನೋಡಿದ.
ಎಷ್ಟು ಹೊತ್ತು ನೋಡಿದ ಅಂದರೆ
ಎಯುಸೇಬಿಯೋ ಟ್ರಕ್ಕಿನ ಎಂಜಿನ್ನು ಆರಿಸಿದ.
ಬಾಗಿ, ಗಿಡ್ಡ ನೆರಳಿನ ತುದಿಗೆ
ಹೆಬ್ಬೆರಳು ಒತ್ತಿದ.
ಬಣ್ಣ ಇನ್ನೂ ಒಣಗಿರಲಿಲ್ಲ.

ತಿದ್ದಿಕೊಡಲಾ ಅಂದೆ.
ಬೇಡ ಅಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು
ಚೆಕ್ಕು ಬರೆದ, ಸೂರ್ಯಾಸ್ತದ ಇನ್ನೂರೂ ಸೇರಿಸಿ.
ನನ್ನ ಸಹಿ ಬಲಮೂಲೆಯಲ್ಲಿದೆ, ಸಣ್ಣಗೆ.
ಎಡಕ್ಕೆ ಅವನ ಹೆಬ್ಬೆಟ್ಟು.

ಮತ್ತೆ ಮೂರು ಗೇಟು, ಇಳಿದು ಹತ್ತಿ.
ಕೊನೆಯದರ ಹತ್ತಿರ ಎತ್ತು ನಿಂತಿತ್ತು,
ಕಂಬಕ್ಕೂ ತನಗೂ ನಡುವೆ
ಒಂದು ಕೊಂಬಿನಷ್ಟು ಬಯಲು ಬಿಟ್ಟು.