ಚೀಟಿ ನಡುಗುವಷ್ಟು ಉಸಿರು

ಆಟೋ ಕಾಂಪ್ಲೆಕ್ಸಿನಲ್ಲಿ, ಹಳೇ ಟೈರಿಗೆ
ಹೊಸ ರಬ್ಬರು ಹಾಕುವ ಅಂಗಡಿಯ ಮೇಲೆ
ಸಂಜೆ ಆರೂವರೆಗೆ ನನ್ನ ಇಂಗ್ಲಿಷ್ ಕ್ಲಾಸು.
ಬೆಂಚು ನಾಲ್ಕು, ಫ್ಯಾನು ಒಂದು,
ಸುಟ್ಟ ವಾಸನೆ ಪುಕ್ಕಟೆ.

ಮೆಗ್ಗಾನ್ ಆಸ್ಪತ್ರೆಯ ಆಯಾ ಹಾಲಮ್ಮ ಬರುತ್ತಾಳೆ,
ಕಂಡಕ್ಟರ್ ಮುಬಾರಕ್ ಬರುತ್ತಾನೆ, ಡ್ಯೂಟಿ ಇಲ್ಲದ ದಿನ.
ಡಿಪೋ ಮೆಕ್ಯಾನಿಕ್ ಹುಚ್ಚರಾಯಪ್ಪನವರು
ಒಂದು ಸಂಜೆಯೂ ತಪ್ಪಿಸಿದವರಲ್ಲ.
ಹೊಸ ಬಸ್ಸಿನ ಕಂಪನಿಯವನು ಫೋನಿನಲ್ಲಿ
ಇಂಗ್ಲಿಷಲ್ಲೇ ರಿಪೇರಿ ಹೇಳುತ್ತಾನಂತೆ.
ಶಿಕಾರಿಪುರದ ದೇವರ ಹೆಸರು ಅವರದು;
ಅವರ ಬಾಯಲ್ಲಿ ಮಾತ್ರ ಉಚ್ರಾಯಪ್ಪ.

ಹಕಾರ ಬಾರದವರಿಗೆ ನನ್ನ ಮದ್ದು ಇದು:
ಮುಬಾರಕ್ ತರುವ ಟಿಕೆಟ್ ಸುರುಳಿಯಿಂದ
ಬೆರಳಗಲ ಹರಿದು ತುಟಿಯೆದುರು ಹಿಡಿಸುತ್ತೇನೆ.
ಹಿಲ್ ಅನ್ನಿ. ಚೀಟಿ ನಡುಗಬೇಕು.
ಇಲ್.
ಚೀಟಿ ಕಲ್ಲು.
ಹಾರ್ಟ್ ಅನ್ನಿ.
ಆರ್ಟ್.
"ಎದೆಯೊಳಗೇ ಐತೆ ಮೇಡಂ, ಆಚೆ ಬರಾಕಿಲ್ಲ."
ಹಾಲಮ್ಮ ನಕ್ಕಳು ನೋಡಿ, ಅವಳ ಕೈಯ ಚೀಟಿ
ಹಾರಿ ಮುಂದಿನ ಬೆಂಚಿಗೆ ಬಿತ್ತು.
ನಗುವಾಗ ಎಲ್ಲರಿಗೂ ಹಕಾರ ಬರುತ್ತದೆ.
ಇದನ್ನು ನನಗೆ ಯಾವ ಟ್ರೇನಿಂಗಿನಲ್ಲೂ ಹೇಳಿರಲಿಲ್ಲ.

ನನಗೂ ಬರುತ್ತಿರಲಿಲ್ಲ.
ನಮ್ಮೂರು ಹೊಳೆಹೊನ್ನೂರು, ಹೆಸರಲ್ಲೇ ಎರಡು,
ಎರಡನ್ನೂ ನುಂಗಿ ಒಳೆಒನ್ನೂರು ಎನ್ನುತ್ತಿದ್ದೆ.
ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು
"ಆಲು ಅಲ್ಲ, ಹಾಲು" ಎಂದು ಗೆಣ್ಣಿಗೆ ಬಿಟ್ಟ ಸ್ಕೇಲು
ಇವತ್ತಿಗೂ ನನ್ನ ಉಚ್ಚಾರಣೆಯ ಬೆನ್ನೆಲುಬು.
ಶಿವಮೊಗ್ಗವನ್ನು ಶಿಮೊಗಾ ಮಾಡಿಟ್ಟು ಹೋದವರ
ಗೆಣ್ಣಿಗೆ ಯಾರು ಬಿಟ್ಟರು?

ಆಮೇಲೆ ಕೇಳುವ ಪಾಠ.
ಬೋರ್ಡಿನ ಮೇಲೆ ಬರೆದೆ: ವೆಸ್ಟ್. ವೆಸ್ಟ್.
ಒಂದು ಬನಿಯನ್ನು, ಒಂದು ಪಡುವಣ.
ನಮ್ಮ ಲಿಪಿಗೆ ಎರಡೂ ಒಂದೇ ವ.
ಫೋನಿನೊಳಗೆ ಯಾರೋ ಲಂಡನ್ನಿನ ಹೆಂಗಸು ಹೇಳುತ್ತಾಳೆ,
ಯಾವುದೆಂದು ಇವರು ಬೆರಳೆತ್ತಬೇಕು.
ನಿಜ ಹೇಳಿಬಿಡುತ್ತೇನೆ: ಕಲಿಸತೊಡಗಿ ಹದಿಮೂರು ವರ್ಷ,
ಉತ್ತರದ ಹಾಳೆ ತೊಡೆಯ ಮೇಲಿಲ್ಲದಿದ್ದರೆ
ನನಗೂ ಕೇಳಿಸುವುದಿಲ್ಲ.

ಹುಚ್ಚರಾಯಪ್ಪನವರು ಕಣ್ಣು ಮುಚ್ಚಿದರು.
ಒಂದು ಬೆರಳು. ಎರಡು. ಎರಡು. ಒಂದು.
ಇಪ್ಪತ್ತಕ್ಕೆ ಇಪ್ಪತ್ತು.
ಹೇಗೆ ಎಂದೆ.
"ಒಂದ್ರಾಗೆ ಅಲ್ಲು ತಾಗ್ತೈತೆ,
ಸವೆದ ವಾಲ್ವಿನಂಗೆ ಗಾಳಿ ಕೊರೀತೈತೆ.
ಇನ್ನೊಂದು ಬರೀ ತುಟಿ.
ನೀವು ಮಾತು ಕೇಳಾಕೋಗ್ತೀರ ಮೇಡಂ, ಸದ್ದು ಕೇಳಿ."
ಜೇಬಿನ ಸ್ಕ್ರೂಡ್ರೈವರ್ ತೆಗೆದು ತೋರಿಸಿದರು:
ತುದಿ ಇಂಜಿನ್ನಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ.
ಮೂವತ್ತು ವರ್ಷ ಹೀಗೇ ಕೇಳಿ ಕೇಳಿ
ಆ ಮೂಳೆಯ ಮೇಲೆ ರೂಪಾಯಿಯಗಲ ಕಪ್ಪು.

ಅವ್ವ ಅಂಗಳದಲ್ಲಿ ಅಕ್ಕಿ ಹರವಿ
ಒಳಗಿನಿಂದ ಕೂಗುತ್ತಿದ್ದಳು:
"ಅಕ್ಕಿ ಅಕ್ಕಿ ತಿಂತೈತೆ, ಓಡ್ಸೇ!"
ನಾನು ಒಂದು ದಿನವೂ ಅಕ್ಕಿಯನ್ನು ಓಡಿಸಲಿಲ್ಲ.
ಕಾಲೇಜಿಗೆ ಬಂದ ಮೇಲೆ ಅವಳನ್ನು ತಿದ್ದಿದೆ,
ಒಂದು ಮದುವೆಮನೆಯಲ್ಲಿ, ನೆಂಟರೆದುರು.
ಅವತ್ತಿನಿಂದ ಅವಳು ನನ್ನ ಮುಂದೆ
ಗುಬ್ಬಿ ಅಂದಳು, ಕಾಗೆ ಅಂದಳು, ಗೊರವಂಕ ಅಂದಳು,
ಹಕ್ಕಿ ಅನ್ನಲಿಲ್ಲ.

ನಿನ್ನೆ ಹಾಜರಿ ಕರೆಯುವಾಗ
ಪುಸ್ತಕದ ಹೆಸರು ಬಿಟ್ಟು
ಅವರ ಮನೆಯಲ್ಲಿ ಕರೆದಿರಬಹುದಾದ ಹಾಗೆ ಕರೆದೆ,
ಉಚ್ರಾಯಪ್ಪ.
ಕೆಳಗೆ ಯಾರದೋ ಲಾರಿ ಸ್ಟಾರ್ಟಾಗದೆ ಕೆಮ್ಮುತ್ತಿತ್ತು.
ಒಂದು ಕಿವಿ ಅತ್ತಲೇ ಇಟ್ಟು, ಚೀಟಿ ತುಟಿಗೆ ಹಿಡಿದು
"ಹಿಯರ್" ಎಂದರು.
ನಡುಗಿತು.
ಇಲ್ಲಿದ್ದೇನೆ ಎಂದರೋ, ಕೇಳಿಸಿಕೊ ಎಂದರೋ,
ಆ ಭಾಷೆಯಲ್ಲೂ ಎರಡಕ್ಕೆ ಒಂದೇ ಸದ್ದು.
ಕೇಳೋಣವೆಂದರೆ ಅವರಾಗಲೇ ಬಾಗಿಲಲ್ಲಿ:
"ಡೀಸೆಲ್ ಲೈನಿಗೆ ಗಾಳಿ ಸೇರೈತೆ ಮೇಡಂ,
ಐದು ನಿಮಿಷ",
ಮೆಟ್ಟಿಲಿಳಿದು ಹೋದರು.