ದೋಣಿಯ ಖಾಯಂ ವಿಳಾಸ

ನಿಗಮದ ಅರ್ಜಿಯಲ್ಲಿ ಏಳನೇ ಕಾಲಂ:
ದೋಣಿಯ ಖಾಯಂ ವಿಳಾಸ.
ಗುಮಾಸ್ತ ಪೆನ್ನಿನ ತುದಿಯಿಂದ ಕುಟ್ಟಿ ತೋರಿಸಿದ,
ಇದೊಂದು ತುಂಬಿದರೆ ಫೈಲು ಮೇಲಕ್ಕೆ ಹೋಗುತ್ತೆ.

ಹನ್ನೊಂದು ವರ್ಷ ಅದರ ವಿಳಾಸ ನನ್ನ ಹಿತ್ತಿಲು,
ಅಶೋಕಪುರಂ, ನುಗ್ಗೆಮರದ ಕೆಳಗೆ.
ರೈಲ್ವೆ ವರ್ಕ್‌ಶಾಪಿನ ಪಾಳಿ ಮುಗಿಸಿ ಬಂದು
ನಾನೂ ಜ್ಞಾನಪ್ರಕಾಶನೂ ಹಲಗೆಗೆ ಹಲಗೆ ಕೂಡಿಸಿದ್ದು.
ಇಪ್ಪತ್ತೆರಡು ಅಡಿ. ಇಬ್ಬರು ಕಾಲು ಮಡಿಸಿ ಮಲಗುವ ಕೋಣೆ,
ಒಂದು ಪಂಪ್ ಸ್ಟೌ, ಕಂಬಕ್ಕೊಂದು ಹಾಯಿ.
ಹೆಸರು ನೀರುಕಾಗೆ.
ಹೊರಗೆ ತರಲು ಕಾಂಪೌಂಡು ಒಡೆದ ದಿನ
ಹೆಂಡತಿ ಇಟ್ಟಿಗೆಗಳನ್ನು ಎಣಿಸಿ ಜೋಡಿಸಿಟ್ಟಳು.
ವಾಪಸು ಬಂದರೆ ಎಲ್ಲಿ ಎಂದು ಕೇಳಲಿಲ್ಲ.

ಹೆಣ್ಣು ಕೊಡುವ ಮನೆ ನೋಡುವ ಹಾಗೆ
ಕನ್ನಂಬಾಡಿ ಹಿನ್ನೀರಿನ ದಡ ದಡ ತಿರುಗಿದೆವು.
ಗಾಳಿ ಬರುವ ದಿಕ್ಕು, ಅಕ್ಕಪಕ್ಕದವರ ಬಾಯಿ.
ಇಲವಾಲದಾಚೆ ಒಂದು ರೆಸಾರ್ಟು,
ಸಿಮೆಂಟಿನ ಕಟ್ಟೆ, ಸಾಲುದೀಪ, ಕ್ಯಾಮೆರಾ,
ತಿಂಗಳಿಗೆ ಆರು ಸಾವಿರ, ವರ್ಷದ್ದು ಮುಂಗಡ.
ಜ್ಞಾನಪ್ರಕಾಶ ಕಬ್ಬಿಣದ ಕೊಂಡಿಯನ್ನು ಬೆರಳಲ್ಲಿ ಬಡಿದು
ನಮ್ಮ ಕಾಲದ ವೆಲ್ಡಿಂಗು ಎಂದ, ಸೋತುಹೋದ.
ಅದು ಅಕ್ಟೋಬರ್. ನೀರು ಕಟ್ಟೆಯ ತುಟಿ ಚಪ್ಪರಿಸುತ್ತಿತ್ತು.
ದುಡ್ಡು ಎಣಿಸಿಯೂ ಆಗಿತ್ತು; ಮ್ಯಾನೇಜರ್ ಊಟಕ್ಕೆ ಹೋಗಿದ್ದ.
ಆ ಒಂದು ಊಟ ನಮ್ಮನ್ನು ಕಾಪಾಡಿತು.

ಬಲೆ ಬಿಡಿಸುತ್ತ ಕೂತಿದ್ದ ಮರಿಸಿದ್ದಮ್ಮ
ತಲೆಯೆತ್ತದೆ ಅಂದಳು:
ಬ್ಯಾಸ್ಗೇಲಿ ಒಂದ್ಸಲ ಬಂದು ನೋಡ್ಕಂಡ್ ಓಗಿ ಸಾ.
ಆಗ ಈ ಕಟ್ಟೆ ಎಮ್ಮೆ ಕಟ್ಟಕ್ಕೂ ಬರಾಕಿಲ್ಲ.

ಮೇ ತಿಂಗಳಲ್ಲಿ ಬಂದೆವು.
ಕಟ್ಟೆ ಒಣಮಣ್ಣಿನಲ್ಲಿ ನಿಂತಿತ್ತು
ರೈಲು ಬಾರದ ಪ್ಲಾಟ್‌ಫಾರಂ ಥರ.
ನೀರು ಅರ್ಧ ಮೈಲಿ ಆಚೆ, ನಡುವೆ ಯಾರದೋ ಸೌತೆಬಳ್ಳಿ.
ಮರಿಸಿದ್ದಮ್ಮ ಮುಂದೆ, ನಾವು ಹಿಂದೆ,
ದೋಣಿ ತೇಲಬೇಕಾದಲ್ಲಿ ಚಪ್ಪಲಿ ಸವೆಸುತ್ತ ನಡೆದೆವು.
ನಾನು ತಲೆಯೆತ್ತಿ ನೋಡಿದೆ:
ಏಳಾಳು ಮೇಲೆ, ಹದ್ದು ಸುತ್ತುವ ಆ ಗಾಳಿಯಲ್ಲಿ
ನೀರುಕಾಗೆಯ ಹೊಟ್ಟೆ ಇರಬೇಕು ಮಳೆ ಮುಗಿಯುವ ಹೊತ್ತಿಗೆ.

ಬಿರುಕುಬಿಟ್ಟ ಕೆಸರಿನ ನಡುವೆ ಒಂದು ಒರಳುಕಲ್ಲು.
ಮನೆ ಹೋಗಿದೆ, ಕಲ್ಲು ಹೋಗಿಲ್ಲ.
ಗುಳಿಯಲ್ಲಿ ಕಪ್ಪೆಚಿಪ್ಪು, ಒಂದು ಬೀಡಿ ತುಂಡು.
ಇದ್ಕೇ ಕಟ್ಟಿ, ಎಂದಳು. ಇದು ಎಲ್ಗೂ ಓಗಾಕಿಲ್ಲ.
ಜಾಗ ಆಮ್ಯಾಕೆ ನೋಡೀರಿ, ಅಗ್ಗ ನೋಡಿ ಮೊದ್ಲು.
ಗಿಡ್ಡ ಆದ್ರೆ ನೀರು ಏರ್ದಾಗ ಮೂತಿ ಇಡ್ದು ಮುಳುಗುಸ್ತದೆ,
ಉದ್ದ ಆದ್ರೆ ಇಳ್ದಾಗ ಊರೆಲ್ಲ ಅಲೀತದೆ.
ಹಂಗಾದ್ರೆ ಎಷ್ಟು ಉದ್ದ?
ಅದ್ನ ಯಾರ್ ಯೋಳಾರು! ಬುಡ್ತಾ ಇರ್ಬೇಕು, ಎಳೀತಾ ಇರ್ಬೇಕು.

ಜ್ಞಾನಪ್ರಕಾಶ ಮೂರು ದಿನ ಕಲ್ಲು ಕೊರೆದ,
ಕೊಂಡಿ ಕೂಡಿಸಿದ, ಅದು ಸಾಲದೆಂದು
ಗುಜರಿಯಿಂದ ತಂದ ರೈಲುಕಂಬಿಯನ್ನೂ ಬಿಗಿದು ಹೂತ.
ಸರಪಳಿ, ಅದರ ತುದಿಗೆ ಹಗ್ಗ, ಮೇಲೊಂದು ನೀಲಿ ಡ್ರಮ್ಮು.
ಹೆಂಡತಿ ಹಳೆ ಸೀರೆಗಳನ್ನು ಹರಿದು
ಐದೈದು ಅಡಿಗೆ ಒಂದು ಗಂಟು ಹಾಕಿಕೊಟ್ಟಳು:
ಕೆಂಪು, ಅರಿಶಿನ, ಹಸಿರು,
ಮದುವೆಯ ಮರುವರ್ಷ ನಾನು ತಂದಿದ್ದ ನೇರಳೆ.
ಕಾವಲಿಗೆ ತಿಂಗಳಿಗೆ ಎರಡು ಸಾವಿರ ಎಂದೆವು,
ಮರಿಸಿದ್ದಮ್ಮ ಮೂರು ಎಂದಳು.
ಮೂರೇ.

ಜುಲೈನಲ್ಲಿ ಮಡಿಕೇರಿ ಕಡೆ ಮಳೆ ಹಿಡಿಯಿತು.
ಸೌತೆಬಳ್ಳಿ, ಒರಳು, ನಮ್ಮ ಚಪ್ಪಲಿಯ ಗುರುತು
ಸದ್ದಿಲ್ಲದೆ ಒಳಗೆ ಹೋದವು.

ಏಳನೇ ಕಾಲಂ ಇನ್ನೂ ಪೆನ್ಸಿಲ್ಲಿನಲ್ಲಿದೆ.
ಒರಳುಕಲ್ಲು ಎಂದು ಬರೆದಿದ್ದೆ,
ಗುಮಾಸ್ತ ನಗಲಿಲ್ಲ, ಪಿನ್‌ಕೋಡ್ ಕೇಳಿದ.

ಈಗ ಬೆಳಿಗ್ಗೆ ಪೇಪರು ಬಂದರೆ
ಮೂಲೆಯ ಆ ಪುಟ್ಟ ಚೌಕ ಮೊದಲು,
ಬೇರೆಯವರ ಗದ್ದೆಯದೆಂದು ಇಷ್ಟು ವರ್ಷ ದಾಟಿಹೋಗುತ್ತಿದ್ದ
ಅಣೆಕಟ್ಟೆಯ ಮಟ್ಟ.
ಇವತ್ತು ನೂರ ಹದಿನೇಳು.
ಯಾವ ಬಣ್ಣ? ಅಡುಗೆಮನೆಯಿಂದ ಕೇಳಿದಳು.
ಹಸಿರು ಮುಗೀತು, ಎಂದೆ.
ಒಗ್ಗರಣೆ ಚಟಪಟ ಎಂದಿತು, ಆಮೇಲೆ ಅವಳು:
ನೇರಳೆ ಬಿಡುವಾಗ ನಾನೂ ಬರ್ತೀನಿ.